ಇಬ್ಬರು ಮಾಯಪ್ಪಂದಿರು, ಒಂದೇ ಸಾಲು

ಕಳೆದ ತಿಂಗಳು ನಾನು ದುಡಿದ ಸಕ್ಕರೆ ಕಾರ್ಖಾನೆಯಿಂದ ಫೋನ್ ಬಂತು. ಮಾತಾಡಿದವಳು ಅಶ್ವಿನಿ, ಅಕ್ಕೋಳದ ಹುಡುಗಿ, ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದವಳು. "ಕಾಕಾ, ನಾವು ಹೊಸಾ ಡೇಟಾಬೇಸ್ ಕಟ್ಟಾಕತ್ತೀವ್ರಿ. ಹಳೇದನ್ನ ಕಟ್ಟಿದಾವ್ರು ನೀವಂತ. ಒಂದೀಟ ಬಂದ ಹೋಗ್ರೆಲಾ," ಎಂದಳು. ನಿವೃತ್ತಿಯಾದ ಮೇಲೆ ನನ್ನನ್ನು ಮದುವೆಗೆ ಕರೆದಿದ್ದಾರೆ, ಮಣ್ಣಿಗೆ ಕರೆದಿದ್ದಾರೆ, ಡೇಟಾಬೇಸಿಗೆ ಯಾರೂ ಕರೆದಿರಲಿಲ್ಲ. ಊಟದ ತಾಟನ್ನು ಅರ್ಧಕ್ಕೇ ಬಿಟ್ಟು ಚಿಕ್ಕೋಡಿ ಬಸ್‌ಸ್ಟ್ಯಾಂಡಿಗೆ ಓಡಿದೆ. "ಸಾಲಿಗಿ ಹೊಂಟ ಹುಡುಗನ ಗತೆ ಹೊಂಟಾರ ನೋಡ," ಎಂದು ಹೆಂಡತಿ ಹಿಂದಿನಿಂದ ಅಂದದ್ದು ಕೇಳಿಸಿತು.

ಅಶ್ವಿನಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಾಲು ಬರೆದು ಎಂಟರ್ ಒತ್ತಿದಳು. ರೆಪ್ಪೆ ಬಡಿಯುವುದರೊಳಗೆ ಹೊಸ ಡೇಟಾಬೇಸ್ ತಯಾರಾಯಿತು. ಅದರೊಳಗೆ ಏನೂ ಇಲ್ಲ, ಬರೀ ಹೆಸರು. ಹೊಸ ಮನೆಯ ಬಾಗಿಲು ತೆರೆದಂತೆ. ಈ ವಯಸ್ಸಿನಲ್ಲೂ ನನ್ನ ಮೈ ಜುಮ್ಮೆಂದಿತು.

ಆಮೇಲೆ ಅವಳು ನನ್ನ ಹಳೆಯ ಡೇಟಾಬೇಸ್ ತೆರೆದು ರೈತರ ಟೇಬಲಿನ ಕೊನೆಯ ಕಾಲಮ್ ತೋರಿಸಿದಳು. "ಕಾಕಾ, ಈ ಅನುಕ್ರಮ ನಂಬರು ಎಲ್ಲಾದ್ರ ಕಡೇಕ ಐತಿ. ಹಂಗಾಮಿನ ನಡಬರಕ ಸೇರಿಸಿದಂಗ ಕಾಣತೈತಿ. ಯಾಕ್ರಿ?"

"ಬೇಕಾಗಿತ್ತವ್ವಾ."

"ಚಲೋ ಮಾಡೀರಿ. ಇದೊಂದ ಇದ್ದದ್ದಕ್ಕ ನಮ್ಮ ಕೆಲಸ ಹಗರ ಆತು. ಮುಂದಿಂದ ಮೊದಲ ಕಂಡಿದ್ರಿ ನೀವು."

ಅಲ್ಲಿದ್ದವರೆಲ್ಲ ತಲೆದೂಗಿದರು. ಚಹಾ ತರಿಸಿದರು. ನಾನು ಕುಡಿಯದೆ ಎದ್ದುಬಂದೆ. ಆ ಕಾಲಮ್ ಯಾಕೆ ಬಂತೆಂದು ಅಶ್ವಿನಿಗೂ ಈ ಕೆಲಸಕ್ಕೆ ಬರುವ ಉಳಿದ ಹುಡುಗರಿಗೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಿಪ್ಪಾಣಿಯಲ್ಲಿ ಕನ್ನಡ, ಮರಾಠಿ ಎರಡೂ ಟೈಪಿಂಗ್ ಕಲಿತು ಕಾರ್ಖಾನೆಯ ಕಬ್ಬಿನ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದೆ. ಯಾವ ಹೊಲದಲ್ಲಿ ಎಷ್ಟು ಕಬ್ಬಿದೆ, ಯಾವಾಗ ನಾಟಿಯಾಯಿತು, ಯಾರ ಪಾಳಿ ಯಾವಾಗ ಎಂದು ಕಾರ್ಬನ್ ಹಾಕಿ ಬಡಿಯುವುದೇ ಕೆಲಸ. ಕಟಾವಿಗೆ ನಮ್ಮ ಕಡೆ ತೋಡ್ನಿ ಎನ್ನುತ್ತಾರೆ. ತೋಡ್ನಿ ಪಾಳಿಯಲ್ಲಿ ಹೆಸರು ಬಂದರೆ ಕಬ್ಬು ಕಡಿಯುವ ಟೋಳಿ ಹೊಲಕ್ಕೆ ಬರುತ್ತದೆ. ಬರದಿದ್ದರೆ ಕಬ್ಬು ನಿಂತಲ್ಲೇ ತುರಾಯಿ ಬಿಟ್ಟು ಒಣಗುತ್ತದೆ.

ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ನಮ್ಮ ಮ್ಯಾನೇಜರ್ ಇನಾಮದಾರ ಸಾಹೇಬರು ದಸರೆಯ ಖಂಡೇಪೂಜೆಯ ದಿನ ಕೀಬೋರ್ಡಿಗೆ ಕುಂಕುಮ ಹಚ್ಚಿದರು, ಧಾರಾಳವಾಗಿಯೇ ಹಚ್ಚಿದರು. ಅದು ಎಂಟರ್ ಕೀಲಿಯ ಒಳಗಿಳಿದು ಒತ್ತಿದ ಕೀಲಿ ಮೇಲೆ ಏಳದಾಯಿತು. "ದೇವರು ಪ್ರಸಾದ ಹಿಡಕೊಂಡಾನ, ಬಿಡಂಗಿಲ್ಲ," ಎಂದರು ಸಾಹೇಬರು. ನಾನು ಸೀಮೆಎಣ್ಣೆ, ಹತ್ತಿ ಹಿಡಿದು ಮಧ್ಯಾಹ್ನದವರೆಗೆ ತಿಕ್ಕಿದೆ.

ಆಗ ಇದ್ದದ್ದು ಫಾಕ್ಸ್‌ಪ್ರೊ. ಊರಿಗೊಂದು ಫೈಲು. ಅಥಣಿ, ಕಾಗವಾಡದ ಕಡೆಯ ಲೆಕ್ಕ ಫ್ಲಾಪಿಯಲ್ಲಿ ಮೋಟಾರ್‌ಸೈಕಲ್ ಮೇಲೆ ಬರುತ್ತಿತ್ತು. ಒಮ್ಮೆ ಆವಕ ಗುಮಾಸ್ತ, ಆಫೀಸಿಗೆ ಬಂದದ್ದೆಲ್ಲದರ ಮೇಲೆ ಮೊಹರಿನ ಸಿಕ್ಕಾ ಬೀಳಬೇಕೆಂಬ ನಿಯಮದ ಮನುಷ್ಯ, ಫ್ಲಾಪಿಯ ತಗಡಿನ ಮುಚ್ಚಳ ಸರಿಸಿ ಒಳಗಿನ ಕಪ್ಪು ಹಾಳೆಯ ಮೇಲೇ ಸಿಕ್ಕಾ ಹೊಡೆದ. ಕಾಗವಾಡದ ಕಬ್ಬೆಲ್ಲ ಆ ನೇರಳೆ ಶಾಯಿಯಲ್ಲಿ ಮುಳುಗಿಹೋಯಿತು. "ಮ್ಯಾಲ ಪ್ಲಾಸ್ಟಿಕ್ ಐತ್ರಿ, ಶಾಯಿ ಕೂಡಂಗಿಲ್ಲ. ಒಳಗ ಚಂದ ಕೂತೈತಿ ನೋಡ್ರಿ," ಎಂದು ಅವನೇ ತಂದು ತೋರಿಸಿದ.

ಊರಿಗೊಂದು ಫೈಲಿನ ಈ ಸಂತೆ ಸಾಕಾಗಿ ಕಾರ್ಖಾನೆ ಹೊಸ ಪದ್ಧತಿ ತಂದಿತು. ಎಲ್ಲ ಊರುಗಳೂ ಒಂದೇ ಡೇಟಾಬೇಸಿನಲ್ಲಿ. ರೈತರಿಗೆ ಒಂದು ಟೇಬಲ್, ಹೊಲಗಳಿಗೆ ಒಂದು, ತೋಡ್ನಿಗೆ ಒಂದು. ರೈತನ ಹೆಸರು ಒಂದೇ ಕಡೆ ಇರುತ್ತದೆ. ಉಳಿದ ಟೇಬಲುಗಳು ಅವನ ಗುರುತು ಹಿಡಿದು ಸಂಬಂಧ ಹೇಳಿಕೊಂಡು ಬರುತ್ತವೆ, ಬೀಗರ ಮನೆಗೆ ಬಂದಂತೆ. ಕಲಿಸಲು ಕೊಲ್ಲಾಪುರದಿಂದ ದೇಸಾಯಿ ಮೇಡಂ ಬಂದರು. ಅವರು ಒಂದು ಟೇಬಲಿನಿಂದ ಇನ್ನೊಂದಕ್ಕೆ ಗೆರೆ ಎಳೆದು ತೋರಿಸಿದ ದಿನ ಮನೆಗೆ ಹೋದವನು ಹೆಂಡತಿಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಯಾವುದಕ್ಕೆ ಯಾವುದು ಸಂಬಂಧ ಎಂದು ಅವಳಿಗೆ ಹೇಳಿಕೊಟ್ಟೆ. ಜೋಳದ ಡಬ್ಬಿ ವಾಪಸು ಇಡುವಾಗ ಚೆಲ್ಲಿತು. ಅದಕ್ಕೆ ಬಿದ್ದ ಬೈಗುಳವೂ ಸಿಹಿಯಾಗಿತ್ತು.

ಡೇಟಾಬೇಸ್ ಕಟ್ಟುವ ದಿನ ಇನಾಮದಾರ ಸಾಹೇಬರು ತೆಂಗಿನಕಾಯಿ ಹಿಡಿದು ನಿಂತರು. ಮೇಡಂ "ನೀವ ಬರೀರಿ" ಎಂದು ಚಹಾಕ್ಕೆ ಹೋದರು. ನಾನು ಕ್ರಿಯೇಟ್ ಡೇಟಾಬೇಸ್ ಎಂದು ಬರೆದು, ಮುಂದೆ 'ಕಬ್ಬು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಟ್ಟು ಎಂಟರ್ ಒತ್ತಿದೆ. ಕೆಳಗೆ ಒಂದು ಸಣ್ಣ ಬಾಣ ಬಂದು ನಿಂತಿತು. ಸಾಹೇಬರು ಕಾಯಿ ಒಡೆದರು. ಬಾಣ ಹಾಗೇ ಮಿಣುಕುತ್ತಿತ್ತು.

"ಕಟ್ಟಾಕತ್ತೈತೇನ?" ಎಂದರು.

"ಕಟ್ಟಾಕತ್ತೈತ್ರಿ. ಎಷ್ಟ ಊರು, ಎಷ್ಟ ಮಂದಿ. ಟೈಮ್ ಹಿಡೀತೈತ್ರಿ."

ನಾವಿಬ್ಬರೂ ಕೈಕಟ್ಟಿ ನಿಂತೆವು. ಸಾಹೇಬರು ಫ್ಯಾನ್ ಕೂಡ ಬಂದ್ ಮಾಡಿಸಿದರು, ಮಷಿನ್ನಿಗೆ ಕರೆಂಟ್ ಕಡಿಮೆ ಬೀಳಬಾರದೆಂದು. ಮೇಡಂ ಬಂದು ನಮ್ಮ ಬೆವರು ನೋಡಿ, ಸ್ಕ್ರೀನ್ ನೋಡಿ, ಬಗ್ಗಿ ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಹಾಕಿ ಎಂಟರ್ ಒತ್ತಿದರು. ತಕ್ಷಣ ಆಯಿತು. ಅಷ್ಟು ಹೊತ್ತೂ ಮಷಿನ್ ಏನೂ ಕಟ್ಟುತ್ತಿರಲಿಲ್ಲ, ನನ್ನ ಮಾತು ಮುಗಿಯಲೆಂದು ಕಾಯುತ್ತಿತ್ತು. "ಕಾಯಿ ಲಗೂನ ಒಡದ್ರಿ ಸಾಹೇಬ್ರ," ಎಂದರು ಮೇಡಂ. ಸಾಹೇಬರು ಇನ್ನೊಂದು ಕಾಯಿ ತರಿಸಿದರು.

ಮರುದಿನ ನನ್ನ ಹಳೇ ಚಾಳಿ ಎದ್ದಿತು. ಒಂದು ಕಟ್ಟಲು ಬಂತಲ್ಲ ಎಂಬ ಹುಮ್ಮಸ್ಸಿಗೆ ಚಿಂಚಲಿಗೊಂದು, ಭೋಜಕ್ಕೊಂದು, ಅಕ್ಕೋಳಕ್ಕೊಂದು ಎಂದು ಊರಿಗೊಂದು ಡೇಟಾಬೇಸ್ ಕಟ್ಟುತ್ತಾ ಹೋದೆ. ಮೇಡಂ ಹಣೆ ಹಿಡಿದುಕೊಂಡು ಕೂತರು. "ಕಲ್ಲಪ್ಪಾ, ಊರ ಅನ್ನೂದು ಒಂದ ಕಾಲಮ್ ಅದ. ನೀವು ಒಬ್ಬೊಬ್ಬರಿಗೂ ಒಂದೊಂದ ಗ್ರಾಮ ಪಂಚಾಯ್ತಿ ಕಟ್ಟಿ ಕೊಟ್ಟೀರಲಾ." ಎಲ್ಲ ಅಳಿಸಿದೆ. ಈ ತಪ್ಪಿನಿಂದ ಯಾರಿಗೂ ಪೆಟ್ಟಾಗಲಿಲ್ಲ, ಅದಕ್ಕೇ ನಗುತ್ತಾ ಬರೆಯುತ್ತಿದ್ದೇನೆ. ಮುಂದಿನದು ಹಾಗಲ್ಲ.

ರೈತರ ಟೇಬಲ್ ಮಾಡುವಾಗ ಮೇಡಂ ಕೇಳಿದರು: "ಒಬ್ಬ ರೈತ ಇನ್ನೊಬ್ಬ ರೈತ ಅಲ್ಲ ಅಂತ ಯಾವುದರ ಮ್ಯಾಲ ಗುರುತ ಹಿಡೀಬೇಕು? ಅದು ಎರಡ ಸಲ ಬರಬಾರದು. ನಂಬರ ಕೊಡೂಣೇನು?"

"ನಂಬರ್ ಯಾಕ್ರಿ? ಹೆಸರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು, ಊರು. ಇವು ನಾಕೂ ಕೂಡಿದ್ರ ನಮ್ಮಲ್ಲಿ ಒಬ್ಬಾವನ ಮನಷ್ಯಾ."

"ಖರೇ?"

"ಖರೇನ್ರಿ."

ನನ್ನ ಧೈರ್ಯಕ್ಕೆ ಕಾರಣವಿತ್ತು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು, ಅವರ ಅಪ್ಪಂದಿರ ಹೆಸರೂ ಹಾಗೇ ಮರಳಿ ಬರುತ್ತದೆ. ಆದರೆ ಹೆಸರಿಡುವುದು ಅಜ್ಜ ತೀರಿಕೊಂಡ ಮೇಲೆ. ನಾನೂ ಕಲ್ಲಪ್ಪ, ನನ್ನ ಅಜ್ಜನೂ ಕಲ್ಲಪ್ಪ. ಅವನು ಹೋದ ಮೇಲೆ ನಾನು ಹುಟ್ಟಿದೆ. ಹೀಗಾಗಿ ಒಂದೇ ಹೆಸರಿನ ಇಬ್ಬರು ಏಕಕಾಲಕ್ಕೆ ಜೀವಂತ ಇರಲಾರರು ಎಂದು ಲೆಕ್ಕ ಹಾಕಿದ್ದೆ. ಬೇರೆ ಸೀಮೆಯವನಾಗಿದ್ದರೆ ಸುಮ್ಮನೆ ನಂಬರ್ ಕೊಟ್ಟುಬಿಡುತ್ತಿದ್ದೆನೇನೋ.

ಚಿಂಚಲಿಯಲ್ಲಿ ಮಾಯಕ್ಕ ದೇವಿ ಇದ್ದಾಳೆಂಬುದು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ. ಅಲ್ಲಿ ಮಕ್ಕಳಾಗದೆ ದೇವಿಗೆ ಹರಕೆ ಹೊತ್ತವರು ಹುಟ್ಟಿದ ಗಂಡಿಗೆ ಮಾಯಪ್ಪ ಎಂದೇ ಕರೆಯಬೇಕು. ಅಜ್ಜ ಇರಲಿ, ಬಿಡಲಿ. ಲಗಮಣ್ಣನ ಮಗ ಮಾಯಪ್ಪ ಎಂಬ ಮುದುಕನೊಬ್ಬ ಅಲ್ಲಿದ್ದ. ಅವನ ಮಗ ಲಗಮಣ್ಣ. ಆ ಲಗಮಣ್ಣನಿಗೆ ಹರಕೆಯಿಂದ ಹುಟ್ಟಿದವನು ಮತ್ತೆ ಮಾಯಪ್ಪ. ಅಜ್ಜ, ಮೊಮ್ಮಗ ಇಬ್ಬರೂ ಗಟ್ಟಿಯಾಗಿದ್ದರು. ಇಬ್ಬರ ಹೆಸರಲ್ಲೂ ಬೇರೆ ಬೇರೆ ಹೊಲವಿತ್ತು, ಎರಡರಲ್ಲೂ ಕಬ್ಬಿತ್ತು.

ಆ ಊರಿನ ಕಬ್ಬು ಬರೆದು ತರುವವನು ಸಿದ್ರಾಮ. ನನ್ನ ವಾರಿಗೆಯವ, ಹೊಲ ಹೊಲ ತಿರುಗಿ ನೋಂದಣಿ ಮಾಡುವ ಫೀಲ್ಡ್‌ಮ್ಯಾನ್. ಅವನು ಇಬ್ಬರಿಗೂ ಬೇರೆ ಬೇರೆ ಚೀಟಿ ಬರೆದು ನನ್ನ ಕೈಗೆ ಕೊಟ್ಟಿದ್ದ. ಎರಡನೆಯದನ್ನು ತುಂಬಿದಾಗ ಮಷಿನ್ ತೆಗೆದುಕೊಳ್ಳಲಿಲ್ಲ, ಈ ಮನುಷ್ಯ ಆಗಲೇ ಇದ್ದಾನೆ ಎಂದಿತು. ನಾನು ಸಿದ್ರಾಮನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನೋಡು, ಒಬ್ಬನನ್ನೇ ಎರಡು ಸಲ ಬರೆದು ಕಳಿಸಿದ್ದಾನೆ, ಮಷಿನ್ ಹಿಡಿಯಿತು ಎಂದು ಖುಷಿಪಟ್ಟೆ. ಎರಡನೇ ಹೊಲವನ್ನೂ ಮೊದಲ ಮಾಯಪ್ಪನ ಹೆಸರಿಗೇ ಜೋಡಿಸಿದೆ.

ಹಂಗಾಮಿನ ನಡುವೆ ಮುದುಕ ತೀರಿಕೊಂಡ. ಸಿದ್ರಾಮ ವರದಿ ಕೊಟ್ಟ. ನಾನು ಆ ಒಂದೇ ಸಾಲಿಗೆ 'ಮೃತ' ಎಂದು ತುಂಬಿದೆ. ವಾರಸುದಾರರ ಕಾಗದ ಬರುವವರೆಗೆ ಮೃತನ ಹೊಲಗಳು ತೋಡ್ನಿ ಪಾಳಿಯಿಂದ ಹೊರಗೆ. ಟೋಳಿ ಬಂತು. ಮೊಮ್ಮಗ ಮಾಯಪ್ಪನ ಹೊಲ ದಾಟಿ ಆಚೆ ಹೊಲಕ್ಕೆ ಕುಡಗೋಲು ಹಾಕಿತು. ಟೋಳಿಯ ಮುಕಾದಮನನ್ನು ಕೇಳಿದರೆ, "ಪಾಳಿದಾಗ ನೀನ ಇಲ್ಲ. ಸತ್ತೀ ಅಂತ ಬಂದೈತಿ," ಎಂದನಂತೆ.

ಮಾಯಪ್ಪ ತಾಯಿಯನ್ನು ಕರೆದುಕೊಂಡು ಆಫೀಸಿಗೆ ಬಂದ. ಸಾಹೇಬರ ಟೇಬಲಿನ ಮೇಲೆ ಕೈ ಚಾಚಿ, "ನಾಡಿ ಹಿಡದ ನೋಡ್ರಿ ಸಾಹೇಬ್ರ. ಬಡಿಯಾಕತ್ತೈತಿಲ್ಲೋ?" ಎಂದ.

ಸಾಹೇಬರಿಗೆ ನಗು ತಡೆಯಲಿಲ್ಲ. ತಾಯಿ ಸುಂದರಾಬಾಯಿ ನಗಲಿಲ್ಲ. "ಹಿರ್ಯಾರ ದಿನಕಾರ್ಯದ ಒಲಿ ಇನ್ನಾ ಆರಿಲ್ರಿ. ಅಷ್ಟರಾಗ ಮಗನ್ನೂ ಸತ್ತಾನ ಅಂತೀರಿ. ಹರಕಿ ಹೊತ್ತ ಹಡದೀನಿ. ನಗೂದಲ್ಲ ಇದು."

"ಕಲ್ಲಪ್ಪಾ, ಮಷಿನ್ ಏನ ಅಂತೈತಿ ನೋಡು," ಎಂದರು ಸಾಹೇಬರು.

"ತೀರಿಕೊಂಡವರ ಹೆಸರೇನಬೇ ಅವ್ವಾ?" ಎಂದೆ.

"ಹೆಂಗ ಹೇಳ್ಲೋ ಯಪ್ಪಾ. ಮಾವ ಅದಾರ."

"ಆತು, ಮಗನ ಹೆಸರ ಹೇಳು."

"ಅದೂ ಅದ. ಅದಕ್ಕ ನಾ ಅಂವಗ ಬಾಳ್ಯಾ ಅಂತೀನಿ."

ಮಾವನ ಹೆಸರು ಹಿಡಿದು ಕರೆಯಬಾರದೆಂದು ಮಗನನ್ನೂ ಬೇರೆ ಹೆಸರಿನಿಂದ ಕರೆಯುತ್ತಿದ್ದ ಆ ತಾಯಿಯ ಮಾತು ಮುಗಿಯುವ ಮೊದಲೇ ನಾನು ರೈತರ ಟೇಬಲ್ ತೆರೆದೆ. ಸ್ಕ್ರೀನಿನ ಮೇಲೆ ಒಂದೇ ಸಾಲು, ಅದಕ್ಕೆ ಎರಡು ಹೊಲ. ಮಾಡಿದ್ದೇನು ಎಂದು ಪೂರ್ತಿ ತಿಳಿಯಿತು.

"ಈ ಸಿದ್ರಾಮನ ಕೆಲಸಾರೀ ಇದು," ಎಂದ ಮಾಯಪ್ಪ. "ಬಂಡಿ ದಾರಿ ಸಲುವಾಗಿ ಮೊನ್ನೆ ನನಗೂ ಅವಗೂ ಮಾತಿಗಿ ಮಾತ ಆಗಿತ್ತು. ಅದನ್ನ ಇಟಗೊಂಡ ನನ್ನ ಕೊಂದಾನ."

ಸಿದ್ರಾಮ ಬಾಗಿಲಲ್ಲಿ ಟವೆಲ್ ಹಿಂಡುತ್ತಾ ನಿಂತಿದ್ದ. "ಇಬ್ಬರ ಚೀಟಿನೂ ಕೊಟ್ಟೀನ್ರಿ ಸಾಹೇಬ್ರ. ಕಲ್ಲಣ್ಣಾರ ಕೈಯಾಗ ಕೊಟ್ಟೀನಿ. ಕೇಳ್ರಿ ಅವರ್ನ."

ಸಾಹೇಬರು ನನ್ನ ಕಡೆ ತಿರುಗಿದರು. ಆ ವಾರವೇ ಆಡಳಿತ ಮಂಡಳಿಯವರು ಹೊಸ ಪದ್ಧತಿ ನೋಡಲು ಬರುವವರಿದ್ದರು. ತಪ್ಪು ನನ್ನದೆಂದರೆ ಡೇಟಾಬೇಸ್ ಹೋಗುತ್ತದೆ, ನಾನು ಮತ್ತೆ ಟೈಪ್‌ರೈಟರಿಗೆ ಹೋಗುತ್ತೇನೆ. ಕೀಬೋರ್ಡ್ ಹತ್ತಿರ ಎಳೆದುಕೊಂಡೆ. "ಕೊಟ್ಟಿದ್ರ ಮಷಿನ್‌ದಾಗ ಇರತಿತ್ರಿ," ಎಂದೆ. "ಇದರಾಗ ಒಬ್ಬಾವನ ಅದಾನ."

ಸಿದ್ರಾಮ ಟವೆಲ್ ಹೆಗಲಿಗೆ ಹಾಕಿಕೊಂಡ. ನನ್ನನ್ನು ನೋಡಿದ. ನಾನು ಸ್ಕ್ರೀನ್ ನೋಡಿದೆ.

ಆ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನೂ ಬರೆಯಬೇಕು. ಎಲ್ಲರನ್ನೂ ಹೊರಗೆ ಕಳಿಸಿ, ಮೊದಲು ಇದ್ದದ್ದರ ಪ್ರತಿ ತೆಗೆದಿಟ್ಟೆ. ಟೇಬಲಿಗೆ ಅನುಕ್ರಮ ನಂಬರಿನ ಕಾಲಮ್ ಸೇರಿಸಿದೆ. ಗುರುತನ್ನು ಹೆಸರಿನಿಂದ ಬಿಡಿಸಿ ನಂಬರಿಗೆ ಕಟ್ಟಿದೆ. ಎರಡನೇ ಮಾಯಪ್ಪನನ್ನು ತುಂಬಿದೆ, ಮಷಿನ್ ತೆಗೆದುಕೊಂಡಿತು. ಅವನ ಹೊಲವನ್ನು ಅಜ್ಜನಿಂದ ಬಿಡಿಸಿ ಅವನಿಗೆ ಕೊಟ್ಟೆ. ತೋಡ್ನಿ ಪಾಳಿ ಪ್ರಿಂಟಾಗಿ ಬರುವಾಗ ಆ ಸದ್ದಿಗೆ ನಾನು ಕುಣಿಯುವುದೊಂದು ಬಾಕಿ. ಬೆರಳಲ್ಲಿ ಅಂಥ ವೇಗ, ತಲೆಯಲ್ಲಿ ಅಂಥ ಬೆಳಕು ನನಗೆ ಮತ್ತೆಂದೂ ಬರಲಿಲ್ಲ. ಹೊಸ ಪಾಳಿಯ ಹಾಳೆ ಹಿಡಿದು ಜೀಪು ಓಡಿತು. ಊರು ಬಿಡಲು ಗಂಟು ಕಟ್ಟುತ್ತಿದ್ದ ಟೋಳಿಯನ್ನು ತಿರುಗಿಸಿ ತಂದರು. ಮಾಯಪ್ಪನ ಕಬ್ಬು ಕಾರ್ಖಾನೆಗೆ ಬಂತು.

ಅಷ್ಟು ಸಂತೋಷದ ನಡುವೆ ಹೊರಗೆ ಕಟ್ಟೆಯ ಮೇಲೆ ಸಿದ್ರಾಮ ಕೂತಿದ್ದಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕುಣಿಯುವ ಹಾಗಾಯಿತಲ್ಲ, ಅದೇ ನನ್ನನ್ನು ಈಗಲೂ ಸುಡುತ್ತದೆ.

ಸಾಹೇಬರು ಅವನನ್ನು ಊರಿನ ಕೆಲಸದಿಂದ ತೆಗೆದು ಕಾರ್ಖಾನೆಯ ಅಂಗಳಕ್ಕೆ ಹಾಕಿದರು. ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ಜಾಗ, ಟೋಕನ್ ಕೊಡುವ ಕೆಲಸ. ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. "ಏ ಯಮಣ್ಣಾ, ನನ್ನ ಟೋಕನ್ ಕೊಡಪಾ. ಹೆಸರ ನೋಡಿ ಬರಿ, ಮನ್ಯಾಗ ಹೆಂಡ್ರ ಮಕ್ಳ ಅದಾರ," ಎಂದು ಡ್ರೈವರುಗಳು ನಗುತ್ತಿದ್ದರು. ನಮ್ಮ ಕಡೆ ಗೇಲಿಗೆ ಇಟ್ಟ ಹೆಸರು ಅಳಿಯುವುದಿಲ್ಲ. ಊರಲ್ಲೂ ಅದೇ ಹೆಸರು ಹಬ್ಬಿ ಸಿದ್ರಾಮ ಯಮಣ್ಣನಾಗಿಯೇ ನಿವೃತ್ತನಾದ. ಅವನ ಮನೆ, ಮಾಯಪ್ಪನ ಮನೆ ಒಂದೇ ಓಣಿ. ಸುಂದರಾಬಾಯಿ ಅವನಿಗೆ ಅಣ್ಣಾ ಎನ್ನುತ್ತಿದ್ದಳು. ದಿನಾ ಮುಂಜಾನೆ ಹೊಲಕ್ಕೆ ಹೋಗುವಾಗ ಅವನ ಚಹಾ ಆ ಮನೆಯಲ್ಲೇ ಆಗುತ್ತಿತ್ತು. ಆ ದಿನದಿಂದ ಅದು ನಿಂತಿತು.

ನನಗೇನಾಯಿತು? ಪ್ರತಿ ವರ್ಷ ಹೊಸ ಬೆಲ್ಲ ಬಂದಾಗ ಮಾಯಪ್ಪ ಒಂದು ಪೆಂಟಿ ತಂದು ನನ್ನ ಟೇಬಲಿನ ಮೇಲಿಡುತ್ತಿದ್ದ. "ಇವ್ರ ನೋಡ್ರಿ ನನ್ನ ಬದುಕಿಸಿದಾವ್ರು," ಎಂದು ಎಲ್ಲರಿಗೂ ಹೇಳುತ್ತಿದ್ದ. ಅವರ ಮನೆಯ ಶುಭಕಾರ್ಯಕ್ಕೆಲ್ಲ ಹೋಗಿದ್ದೇನೆ, ಚಹಾ ಕುಡಿದಿದ್ದೇನೆ. ಆ ಬೆಲ್ಲವನ್ನು ತಿಂದಿದ್ದೇನೆ.

ಅಶ್ವಿನಿ ಹೊಗಳಿದ ಮರುದಿನವೇ ಚಿಂಚಲಿಗೆ ಹೋದೆ. ಸಿದ್ರಾಮ ಎಮ್ಮೆಗೆ ನೀರು ಕುಡಿಸುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಅವನು ಖಾಲಿಯಾದ ಬಕೆಟ್ ಬೋರಲು ಹಾಕಿದ.

"ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಬಂದೀರೇನ?" ಎಂದ. "ನಾ ಕೊಟ್ಟೀನಿ ಅನ್ನೂದು ನನಗ ಗೊತ್ತಿರಲಿಲ್ಲೇನು? ಗೊತ್ತಿಲ್ಲದವ್ರ ಮನಿ ಅಲ್ಲೈತಿ. ಅಲ್ಲಿ ಹೇಳ್ರಿ."

ಹೋಗುವಾಗ ಅವನು ನನ್ನ ಮುಂದೆ ನಡೆದ. ಮಾಯಪ್ಪನ ಅಂಗಳದ ಗೇಟಿಗೆ ಬಂದು ನಿಂತುಬಿಟ್ಟ. ನಾನು ಒಳಗೆ ಹೋದೆ. ಮಾಯಪ್ಪ ಈಗ ಸಂಸಾರಸ್ಥ. "ಬರ್ರಿ ಸಾಹೇಬ್ರ, ಬರ್ರಿ," ಎಂದು ಕುರ್ಚಿ ಎಳೆದ. ನಾನು ಕೂರಲಿಲ್ಲ. ಡೇಟಾಬೇಸ್ ಎಂದರೇನು, ಗುರುತು ಎಂದರೇನು, ಎರಡನೇ ಚೀಟಿ ಬಂದಾಗ ನಾನೇನು ಮಾಡಿದೆ, ಸಾಹೇಬರ ಮುಂದೆ ಏನಂದೆ, ಎಲ್ಲ ಹೇಳಿದೆ. ಸುಂದರಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಂತಿತು.

ಮಾಯಪ್ಪ ಕುರ್ಚಿಯ ಮೇಲಿನ ಕೈ ತೆಗೆದ. "ಹಂಗಾರ ಕೊಂದಾವ್ರೂ ನೀವ, ಬದುಕಿಸಿದಾವ್ರೂ ನೀವ."

"ಹೌದಪಾ."

"ಬೆಲ್ಲ ತಿಂದಾವ್ರೂ ನೀವ."

"ಹೌದು."

ಸುಂದರಾಬಾಯಿ ಮೊರ ಕೆಳಗಿಟ್ಟು ಎದ್ದಳು. ನನ್ನ ಪಕ್ಕದಿಂದಲೇ ಹಾದು ಬಾಗಿಲಿಗೆ ಹೋದಳು. "ಸಿದ್ರಾಮಣ್ಣಾ," ಎಂದು ಕರೆದಳು. ಓಣಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ಆ ಹೆಸರು ಯಾರದೆಂದು ತಿರುಗಿ ನೋಡಿದರು. "ಬಿಸಲಾಗ ಯಾಕ ನಿಂತಿ? ಒಳಗ ಬಾ, ಚಾ ಇಡತೀನಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಆನಿಕೊಂಡು ಕೂತ. ಅದು ಅವನ ಹಳೆಯ ಜಾಗವೆಂದು ಕಾಣುತ್ತದೆ, ಅಲ್ಲಿದ್ದ ಕೊಡವನ್ನು ನೋಡದೆಯೇ ಅತ್ತ ಸರಿಸಿದ. ಚಹಾದ ಕಪ್ಪು-ಬಸಿ ಒಂದೇ ಬಂತು. ಅದು ಅವನ ಮುಂದೆ ಇಳಿಯಿತು. ಸುಂದರಾಬಾಯಿ ನನ್ನ ಕಡೆ ನೋಡಿ, "ನೀವು ಇಷ್ಟ ವರ್ಷ ಕುಡದೀರಿ. ಇವತ್ತ ಮೊದಲ ಅಂವಾ ಕುಡೀಲಿ. ನಿಮಗ ಬ್ಯಾರೇ ಇಡತೀನಿ, ಕುಂದರ್ರಿ," ಎಂದಳು. ಆಗ ಕೂತೆ.

ಸಿದ್ರಾಮ ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದ. "ಸಕ್ರಿ ಕಡಿಮಿ ಆಗೈತಲ್ಲಬೇ ತಂಗಿ," ಎಂದ.

"ನಿನ್ನ ನಾಲಿಗಿ ಮರತೈತಿ," ಎಂದು ಒಳಗಿನಿಂದ ಸುಂದರಾಬಾಯಿ ಅಂದಳು. "ನಾಳೆ ಮುಂಜಾನಿ ಬಾ. ದಿನಾ ಕುಡದ್ರ ನೆನಪ ಆಗತೈತಿ."